ಹಿತ್ತಲಿನ ತಾಲೀಮು

ಸಾಗರದಿಂದ ಹೆಗ್ಗೋಡು ದೂರವೇನಲ್ಲ. ಬಸ್ಸು ಹತ್ತಿದರೆ ಹತ್ತು ಕಿಲೋಮೀಟರಿನ ಒಳಗೇ ಊರು ಸಿಗುತ್ತದೆ. ಊರಿನ ಹೆಸರು ಕೇಳಿದೊಡನೆ ನೆನಪಾಗುವುದು ನಾಟಕ. 1949ರಲ್ಲಿ ಇಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನಮ್ಮೆಲ್ಲರ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಅಡಿಕೆ ಬೆಳೆಗಾರರೂ ಆಗಿದ್ದರು ಎಂಬುದನ್ನು ಹೊರಗಿನವರು ಕೆಲವೊಮ್ಮೆ ಮರೆಯುತ್ತಾರೆ. ಇಲ್ಲಿ ರಂಗಮಂದಿರದಿಂದ ತೋಟಕ್ಕೆ ಬಹಳ ದೂರವಿಲ್ಲ.

ನಾನೂ ಒಂದು ಅಕ್ಟೋಬರಿನಲ್ಲಿ ನಾಟಕ ನೋಡಲೆಂದೇ ಹೋದವನು. ಉಳಿದುಕೊಂಡ ಪರಿಚಯದವರ ಮನೆಯ ಹಿತ್ತಲಿನಲ್ಲಿ ಇನ್ನೊಂದು ತಾಲೀಮನ್ನು ನೋಡಿ ಬಂದೆ.

ಅದು ಮಲೆನಾಡಿನ ಯಾವ ಮನೆಯಲ್ಲೂ ಕಾಣುವಂಥ ಹಿತ್ತಲು. ಬಚ್ಚಲ ನೀರು ಹರಿಯುವಲ್ಲಿ ಕೆಸು ಮತ್ತು ಬಸಳೆ ಚಪ್ಪರ, ಬೇಲಿಗೆ ಹಬ್ಬಿದ ಹೀರೆ, ಗೊಬ್ಬರಗುಂಡಿಯ ಪಕ್ಕದಲ್ಲಿ ಸಿಹಿಗುಂಬಳ. ಮೂಲೆಯ ಒಂದಿಷ್ಟು ಜಾಗ ಮಾತ್ರ ಆ ಮನೆಯ ಒಂಬತ್ತನೇ ತರಗತಿಯ ಹುಡುಗನದು. ಅಲ್ಲಿ ಏನು ಬೆಳೆದರೂ, ಏನು ಸತ್ತರೂ ಅವನದೇ ಜವಾಬ್ದಾರಿ. ಹಾಗೆಂದು ತೀರ್ಮಾನ ಮಾಡಿದವರು ಅವನ ಅಮ್ಮಮ್ಮ.

ಅವನ ಕೃಷಿ ಶುರುವಾದದ್ದೇ ಸೋಲಿನಿಂದ. ಜೂನಿನಲ್ಲಿ ನೆಲ ಅಗೆದು, ಮೆಣಸು ಮತ್ತು ಬದನೆ ಬೀಜವನ್ನು ಒತ್ತೊತ್ತಾಗಿ ಬಿತ್ತಿದ. ಮಳೆ ಬಿಡುವು ಕೊಟ್ಟ ದಿನ ಚೆಂಬಿನಲ್ಲಿ ನೀರನ್ನೂ ಹಾಕಿದ! ಸಸಿಗಳು ಎರಡೆಲೆ ಬಿಟ್ಟವು. ಒಂದು ಬೆಳಿಗ್ಗೆ ನೋಡಿದರೆ ಬುಡದಲ್ಲಿ ಕೊಳೆತು ಸಾಲಾಗಿ ಮಲಗಿದ್ದವು. ನೀರು ನಿಂತ ಮಣ್ಣಿನಲ್ಲಿ, ಗಾಳಿಯಾಡದ ಗುಂಪಿನಲ್ಲಿ, ಶಿಲೀಂಧ್ರದಂಥ ಸೂಕ್ಷ್ಮಜೀವಿಗಳು ಎಳೆ ಕಾಂಡವನ್ನು ನೆಲಮಟ್ಟದಲ್ಲೇ ತಿಂದುಹಾಕುತ್ತವೆ. ಮಗನ ಸಪ್ಪೆ ಮುಖ ನೋಡಲಾರದೆ ತಾಯಿ, ಸಾಗರದ ಸಂತೆಯಿಂದ ಸಸಿ ತರಿಸಿ ನೆಟ್ಟುಬಿಡೋಣ ಎಂದರಂತೆ. ಅಮ್ಮಮ್ಮ ಒಪ್ಪಲಿಲ್ಲ.

ಎರಡನೆಯ ಸಲ ಅವನು ಒಂದು ಗೇಣು ಎತ್ತರದ ಏರುಮಡಿ ಮಾಡಿದ, ತೆಳುವಾಗಿ ಬಿತ್ತಿದ, ನೀರು ಹಾಕಲಿಲ್ಲ. ಸಸಿ ಉಳಿಯಿತು. “ಯಾವುದರಿಂದ ಉಳಿಯಿತು?” ಎಂದು ಅಮ್ಮಮ್ಮ ಕೇಳಿದಾಗ ಉತ್ತರವಿಲ್ಲ. ಮೂರನ್ನೂ ಒಟ್ಟಿಗೇ ಬದಲಿಸಿದ್ದನಲ್ಲ! ಆದ್ದರಿಂದ ಮೂರನೆಯ ಸಲ ಒಂದೇ ಎತ್ತರದ ಎರಡು ಮಡಿ ಮಾಡಿ, ಒಂದರಲ್ಲಿ ದಟ್ಟವಾಗಿ, ಇನ್ನೊಂದರಲ್ಲಿ ತೆಳುವಾಗಿ ಬಿತ್ತಿದ. ದಟ್ಟ ಮಡಿಯಲ್ಲೇ ಹೆಚ್ಚು ಸಸಿ ಸತ್ತವು. ಹಳೆಯ ನೋಟುಪುಸ್ತಕದ ಹಿಂಬದಿಯಲ್ಲಿ ತಾರೀಖು ಹಾಕಿ ಇದನ್ನೆಲ್ಲ ಬರೆದಿಟ್ಟಿದ್ದ. ಪ್ರಯೋಗಶಾಲೆಯಲ್ಲಿ ಕಲಿಸುವ ಪಾಠವೂ ಇದೇ ಅಲ್ಲವೇ: ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದು ಹಾಗೇ ಇರಲಿ.

ಹಾಗೆಂದು ಅಮ್ಮಮ್ಮ ಎಲ್ಲ ತಪ್ಪಿಗೂ ಬಿಟ್ಟವರಲ್ಲ. ಸಸಿ ಸತ್ತ ಸಿಟ್ಟಿನಲ್ಲಿ ಹುಡುಗ ಅಡಿಕೆಗೆ ಹೊಡೆಯುವ ಮದ್ದನ್ನೇ ತಂದು ಸುರಿಯಲು ಹೊರಟಾಗ, ಅಂಗಳದಿಂದಲೇ ಕೂಗಿದರಂತೆ: “ಅದ್ರ ಮುಟ್ಟಡ ಮಾಣಿ!” ಮೈಲುತುತ್ತ ಆಟದ ವಸ್ತುವಲ್ಲ. ಒಂದು ಹಂಗಾಮು ಹೋದರೆ ಮತ್ತೊಂದು ಬರುತ್ತದೆ. ಕಣ್ಣಿಗೆ, ಹೊಟ್ಟೆಗೆ ಹೋದರೆ? ಯಾವ ತಪ್ಪಿಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಗೆರೆ ಆಕೆಗೆ ಸ್ಪಷ್ಟವಿತ್ತು.

ಆ ಮದ್ದಿನ ಕಥೆಯೂ ಸ್ವಾರಸ್ಯಕರ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳ ಎಲೆ ಮಾತ್ರ ರೋಗದಿಂದ ಉದುರದೆ ಉಳಿದದ್ದನ್ನು 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು. ಪ್ರಯೋಗಗಳನ್ನು ಮಾಡಿ 1885ರಲ್ಲಿ ಪ್ರಕಟಿಸಿದರು. ಮುಂದೆ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಅದೇ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ಅಲ್ಲಿಯವರೆಗೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದೇ ರೈತರ ಉಪಾಯವಾಗಿತ್ತು. ಕಳ್ಳರಿಗೆಂದು ಬಳಿದದ್ದು ರೋಗಕ್ಕೆ ಮದ್ದಾಯಿತು. ನೋಡುವ ಕಣ್ಣೊಂದು ಇತ್ತು, ಅಷ್ಟೇ.

ನಾನು ಹೋದಾಗ ಹುಡುಗನ ತಲೆಬಿಸಿ ಹೀರೆಯದು. ಮಳೆಗಾಲದಲ್ಲಿ ಸಿಹಿಗುಂಬಳದ ಹೀಚುಗಳು ಹಳದಿಯಾಗಿ ಉದುರಿದ್ದವು. ಜಡಿಮಳೆಯಲ್ಲಿ ಜೇನು ಹೊರಗೆ ಬರುವುದಿಲ್ಲ, ಪರಾಗ ಮುಟ್ಟುವುದಿಲ್ಲ ಎಂದು ತಿಳಿದು, ಬೆಳಿಗ್ಗೆ ಆರಕ್ಕೇ ಎದ್ದು ಗಂಡು ಹೂ ಕಿತ್ತು, ಎಸಳು ತೆಗೆದು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ತಾನೇ ಮುಟ್ಟಿಸಿದ್ದ. ಕಾಯಿ ನಿಂತಿತ್ತು. ಅದೇ ಧೈರ್ಯದಲ್ಲಿ ಹೀರೆಗೂ ಹಾಗೇ ಮಾಡಿದ. ನಾಲ್ಕು ಹೂವಿಗೆ ಮುಟ್ಟಿಸಿದರೆ ನಾಲ್ಕೂ ಉದುರಿದವು. ಬೆಳಿಗ್ಗೆ ನೋಡಿದರೆ ಕೆಲವು ಹೂ ಬಾಡಿವೆ, ಕೆಲವು ಇನ್ನೂ ಮೊಗ್ಗು!

“ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇವನು ಹೂ ಎಣಿಸುತ್ತ ಕೂತಿದ್ದಾನೆ” ಎಂದು ತಾಯಿ ನನ್ನಲ್ಲಿ ಹೇಳಿಕೊಂಡರು. ಅವರ ಆತಂಕ ಸುಳ್ಳಲ್ಲ. ಅಂಕದ ಪಟ್ಟಿಯಲ್ಲಿ ಹೀರೆಗೆ ಜಾಗವಿಲ್ಲ.

ಅಂದು ಸಂಜೆ ನಾಟಕಕ್ಕೆ ಹೊರಟೆವು. ಟಾರ್ಚು ಹಿಡಿದು ಮುಂದೆ ನಡೆದಿದ್ದ ಹುಡುಗ ಬೇಲಿಯ ಬಳಿ ಗಕ್ಕನೆ ನಿಂತ. ಮಬ್ಬುಗತ್ತಲೆಯಲ್ಲಿ ಬೇಲಿ ತುಂಬ ಹಳದಿ ಹೂ! ಹೀರೆ ಅರಳುವುದು ಸಂಜೆಗೆ. ಬೆಳಗಾಗುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಹುಡುಗ ನಾಟಕಕ್ಕೆ ಬರಲಿಲ್ಲ. ನಾವು ಹಿಂತಿರುಗಿದಾಗ ಐದು ಹೂವಿಗೆ ದಾರ ಕಟ್ಟಿ ಗುರುತು ಮಾಡಿದ್ದ. ಪಕ್ಕದಲ್ಲಿ ಸೋರೆಯ ಬಿಳಿ ಹೂವೂ ರಾತ್ರಿ ಅರಳಿರುವುದನ್ನು ಯಾರೂ ಹೇಳದೆ ತಾನೇ ಕಂಡುಕೊಂಡಿದ್ದ.

“ಅತ್ತೆ, ನಿಮಗೆ ಮೊದಲೇ ಗೊತ್ತಿತ್ತಲ್ವಾ?” ಎಂದು ಸೊಸೆ ಕೇಳಿದರು. ಅಮ್ಮಮ್ಮ ನಕ್ಕರು. “ಹೇಳಿದ್ರೆ ಕೇಳ್ತಿದ್ದ. ಮರ್ತೂ ಬಿಡ್ತಿದ್ದ.”

ಪೇಟೆಯ ಮಕ್ಕಳಿಗೆ ಹಿತ್ತಲು ಎಲ್ಲಿದೆ ಎಂದು ಕೇಳಬಹುದು. ಬಿಸಿಲು ಬೀಳುವ ಕಡೆ ಎರಡು ಕುಂಡ ಸಾಕು. ಹರಿವೆ ಬಿತ್ತಿದರೆ ತಿಂಗಳೊಳಗೆ ಸೊಪ್ಪು ಕೀಳಬಹುದು; ಸೋತರೂ ಹೋಗುವುದು ಒಂದು ತಿಂಗಳು. ಒಂದು ಕುಂಡಕ್ಕೆ ದಿನಾ ನೀರು, ಇನ್ನೊಂದಕ್ಕೆ ಮೇಲ್ಮಣ್ಣು ಒಣಗಿದಾಗ ಮಾತ್ರ; ವ್ಯತ್ಯಾಸವನ್ನು ಮಗುವೇ ಬರೆಯಲಿ. ಆ ಪುಸ್ತಕದಲ್ಲಿ ಸತ್ತ ಸಸಿಯ ಲೆಕ್ಕವೂ ಇರಲಿ. ಹೆತ್ತವರಿಗೆ ಕಷ್ಟವಾಗುವುದು ಒಂದೇ: ರಾತ್ರೋರಾತ್ರಿ ಹೊಸ ಸಸಿ ನೆಟ್ಟು ಮಗುವಿನ ಸೋಲನ್ನು ಮುಚ್ಚದೆ ಇರುವುದು.

ನಾಟಕದವರು ತಾಲೀಮಿನಲ್ಲಿ ಮಾತು ತಪ್ಪುತ್ತಾರೆ, ನಿಲ್ಲುತ್ತಾರೆ, ಮತ್ತೆ ಮೊದಲಿನಿಂದ ಹೇಳುತ್ತಾರೆ. ಅಲ್ಲಿ ಯಾರೂ ಅಂಕ ಕಳೆಯುವುದಿಲ್ಲ. ನಮ್ಮ ಮಕ್ಕಳಿಗೆ ಅಂಥ ಜಾಗ ಎಷ್ಟು ಉಳಿದಿದೆ?

ನಾನು ಊರಿಗೆ ಹೊರಟ ದಿನ ದಾರ ಕಟ್ಟಿದ ಐದರಲ್ಲಿ ಮೂರು ಹೀಚು ಬೆರಳುದ್ದ ಬೆಳೆದಿದ್ದವು. ಉಳಿದೆರಡು ಯಾಕೆ ಉದುರಿದವೆಂದು ಹುಡುಗ ಬೇಲಿಯ ಬುಡದಲ್ಲಿ ಕೂತು ನೋಡುತ್ತಿದ್ದ. ಈ ಸಲ ತಾಯಿಯೂ ಪಕ್ಕದಲ್ಲಿ ಬಗ್ಗಿ ನಿಂತಿದ್ದರು.