ಕೌದಿಯ ಪಟ್ಟಿಗೆ ಯಾವ ಬಣ್ಣ?

ಕೌದಿಯೆಂದರೆ ಬಡವರ ಹೊದಿಕೆಯೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಹಳೆಯ ಸೀರೆ, ಸವೆದ ಪಂಚೆ, ಮಕ್ಕಳಿಗೆ ಗಿಡ್ಡವಾದ ಲಂಗ, ಇವುಗಳನ್ನು ಪದರಪದರವಾಗಿ ಹಾಸಿ, ಮೇಲಕ್ಕೂ ಕೆಳಕ್ಕೂ ಸಾಲಾಗಿ ಸೂಜಿಯನ್ನು ಹಾಯಿಸಿ ಹೊಲಿದರೆ ಕೌದಿಯಾಯಿತು. ಅದರಲ್ಲಿ ವಿಚಾರಮಾಡತಕ್ಕದ್ದೇನಿದೆ ಎಂದು ಕೇಳುವರು. ಸಂಸ್ಕೃತದಲ್ಲಿ ಇದಕ್ಕೆ ಕಂಥಾ ಎಂದು ಹೆಸರು. ಕಂಥೆಯನ್ನು ಹೊದೆದವನು ವಿರಕ್ತನೆಂದೂ, ಬೀದಿಯ ಚಿಂದಿಗಳೇ ಅವನ ಕಂಥೆಗೆ ಸಾಮಗ್ರಿಯೆಂದೂ ವೈರಾಗ್ಯವನ್ನು ಬೋಧಿಸುವ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವುದುಂಟು. ಕನ್ನಡದಲ್ಲಿ ಆ ಶಬ್ದವೇ ಕಂತೆಯಾಗಿ ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ನೆಲಸಿದೆ. ಆದರೆ ವಿರಕ್ತನ ಕಂಥೆಗೂ ಗೃಹಸ್ಥರ ಮನೆಯ ಕೌದಿಗೂ ಒಂದು ಭೇದವುಂಟು. ಅವನ ಚಿಂದಿಗಳಿಗೆ ಒಡೆಯರಿಲ್ಲ, ಪೂರ್ವಕಥೆಯೂ ಇಲ್ಲ. ನಮ್ಮ ಕೌದಿಯ ಒಂದೊಂದು ತುಂಡೂ ಮನೆಯವರು ಯಾರೋ ಉಟ್ಟದ್ದು, ಯಾವುದೋ ಹಬ್ಬಕ್ಕೆ ತಂದದ್ದು.

ಈ ವಿದ್ಯೆ ನಮ್ಮ ನಾಡಿನಲ್ಲಿ ಇಂದಿಗೂ ಬದುಕಿದೆ. ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆಗಳಲ್ಲಿ ಬಾಣಂತಿಗೂ ಮಗುವಿಗೂ ಕೌದಿಯನ್ನು ಹೊಲಿದುಕೊಡುವರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸುತ್ತಲಿನ ಸಿದ್ದಿ ಹೆಂಗಸರು ಅಂಚಿನಿಂದ ಪ್ರಾರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವಂತೆ ಹೊಲಿಯುವರು. ಕಡೆಯಲ್ಲಿ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವನ್ನು ಕೂರಿಸದಿದ್ದರೆ ಅವರ ದೃಷ್ಟಿಯಲ್ಲಿ ಕೌದಿ ಪೂರ್ಣವಾಗದು. ಅಮೇರಿಕದ ಕಲಾಚರಿತ್ರೆಯ ವಿದ್ವಾಂಸರಾದ ಹೆನ್ರಿ ಡ್ರೂವಲ್ ಎಂಬವರು ಅಲ್ಲಿಗೆ ಬಂದು, ಆ ಕೌದಿಗಳನ್ನು ಕುರಿತು ಬರೆದು ಹೊರನಾಡಿನವರಿಗೂ ಪರಿಚಯಮಾಡಿಕೊಟ್ಟಿರುವರು.

ನಾನು ವ್ಯಾಕರಣವನ್ನು ಪಾಠಮಾಡಿಕೊಂಡಿದ್ದವನು. ಸೂಜಿದಾರಗಳ ವಿಷಯ ನನಗೇಕೆ ಬಂತೆಂಬುದನ್ನು ಹೇಳಬೇಕಾಗಿದೆ. ಬನ್ನೇರುಘಟ್ಟದ ರಸ್ತೆಯ ಪಕ್ಕದಲ್ಲಿರುವ ನಮ್ಮ ಹುಳಿಮಾವು ಒಂದು ಕಾಲಕ್ಕೆ ಹಳ್ಳಿ. ಬಂಡೆಯ ಗುಹೆಯಲ್ಲಿರುವ ರಾಮಲಿಂಗೇಶ್ವರನ ಗುಡಿಯೂ ಕೆರೆಯೂ ಅದರ ಹಳೆಯ ಗುರುತುಗಳು. 2019ನೆಯ ನವೆಂಬರ್ 24, ಭಾನುವಾರ, ಆ ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ನಮ್ಮ ಮನೆಯಲ್ಲಿ ಮೊಣಕಾಲುದ್ದ ನಿಂತಿತು. ಕೆಳಗಿನ ಕಪಾಟಿನಲ್ಲಿದ್ದ ಪುಸ್ತಕಗಳೂ ಚಿತ್ರಗಳ ಸಂಪುಟಗಳೂ ಕೆಸರಾಗಿ, ಹಾಳೆಗೆ ಹಾಳೆ ಅಂಟಿಕೊಂಡು ಹೋದವು. ಅದೇ ಕಪಾಟಿನ ಕೆಳಗೆ ಪೆಟ್ಟಿಗೆಯಲ್ಲಿದ್ದ ನನ್ನ ಗೃಹಿಣಿಯ ನೂಲಿನ ಸೀರೆಗಳೂ ನೆನೆದವು. ಅವನ್ನು ಅವಳು ನಾಲ್ಕು ನೀರಿನಲ್ಲಿ ಒಗೆದು ಮಹಡಿಯ ಮೇಲೆ ಹರವಿದಳು. ಒಣಗಿದ ಮೇಲೆ ಅವು ಮೊದಲಿನಂತೆಯೇ ಇದ್ದವು. ಕಾಗದವು ನೀರನ್ನು ತಾಳಲಾರದು; ಬಟ್ಟೆ ಅದರಲ್ಲಿಯೇ ಹುಟ್ಟಿ ಬೆಳೆದದ್ದು.

ಅವಳು ತೀರಿಕೊಂಡು ಈಗ ನಾಲ್ಕು ವರ್ಷವಾಯಿತು. ಮಗಳ ಮಗುವಿಗೆ ಮೂರು ವರ್ಷ. ಅಜ್ಜಿಯನ್ನು ಅದು ಕಂಡಿಲ್ಲ. ಕೈಫೋನಿನಲ್ಲಿ ಉಳಿದಿರುವುದು ಅಜ್ಜಿಯ ಕಡೆಯ ದಿನಗಳ ಬಳಲಿದ ಮುಖ ಮಾತ್ರ. ಮದುವೆಯ ಕಾಲದ, ತುಂಬುಯೌವನದ, ಮಗಳನ್ನು ಎತ್ತಿಕೊಂಡು ನಿಂತ ಚಿತ್ರಗಳೆಲ್ಲ ಆ ಭಾನುವಾರ ಹೋದವು. ಆದರೆ ಆ ಚಿತ್ರಗಳಲ್ಲಿ ಅವಳು ಉಟ್ಟಿದ್ದ ಸೀರೆಗಳು ಪೆಟ್ಟಿಗೆಯಲ್ಲಿಯೇ ಇದ್ದವು. ಅವಳಿಗೆ ಹೂವಿನ ಚೀಟಿಯ ಸೀರೆಯೆಂದರೆ ಪ್ರಾಣ. ಮೊದಲನೆಯ ದೀಪಾವಳಿಗೆ ಚಿಕ್ಕಪೇಟೆಯಲ್ಲಿ ಕೊಂಡ ಹಳದಿಯ ಮೇಲೆ ಕೆಂಪು ಹೂವಿನದು, ಮಗಳು ಹುಟ್ಟಿದ ವರ್ಷದ್ದು, ನನಗೆ ವರ್ಗವಾದಾಗ ಬೇರೆಯೂರಿನ ಸಂತೆಯಲ್ಲಿ ಕೊಂಡದ್ದು, ಹೀಗೆ ಏಳು ಸೀರೆಗಳನ್ನು ಆರಿಸಿ ಮಗುವಿಗೆ ಕೌದಿ ಮಾಡಿಸುವುದೆಂದು ನಿಶ್ಚಯಿಸಿದೆವು.

ಕತ್ತರಿ ಹಾಕುವುದಕ್ಕೆ ಮಗಳಿಗೆ ಮನಸ್ಸು ಬರಲಿಲ್ಲ. ನನಗೂ ಕೈ ನಡುಗಿತು. ಲೆಕ್ಕಹಾಕಿ ನೋಡಿದ ಮೇಲೆ ಸಮಾಧಾನವಾಯಿತು. 9 ಅಂಗುಲದ ಚೌಕಗಳು ಅಡ್ಡಕ್ಕೆ 5, ಉದ್ದಕ್ಕೆ 7, ಒಟ್ಟು 35. ಒಂದೊಂದು ಸೀರೆಯಿಂದ ಐದೈದು. ಇದಕ್ಕಾಗಿ ಪ್ರತಿ ಸೀರೆಯಿಂದ ಮೊಳಕ್ಕಿಂತ ಸ್ವಲ್ಪ ಹೆಚ್ಚು ತೆಗೆದರೆ ಸಾಕು. ಉಳಿದದ್ದರಲ್ಲಿ ಸವೆದ ಭಾಗವು ಒಳಪದರಗಳಿಗೆ ಸಲ್ಲುವುದು. ಗಟ್ಟಿಯಾದ ಭಾಗವು ಪೆಟ್ಟಿಗೆಗೆ ಹಿಂದಿರುಗುವುದು.

ನಮ್ಮ ಬೀದಿಯಲ್ಲಿ ಬಾಗಲಕೋಟೆಯ ಕಡೆಯಿಂದ ಬಂದು ನೆಲಸಿರುವ ಕುಟುಂಬವೊಂದುಂಟು. ಆ ಮನೆಯ ತಾಯಿ ಕೌದಿ ಹೊಲಿಯುವುದರಲ್ಲಿ ನಿಪುಣೆ. ಆಕೆಯನ್ನು ಕರೆಸಿ ಚೌಕಗಳನ್ನು ನೆಲದ ಮೇಲೆ ಒತ್ತೊತ್ತಾಗಿ ಜೋಡಿಸಿ ತೋರಿಸಿದೆವು. ಆಕೆ ಸ್ವಲ್ಪ ಹೊತ್ತು ನೋಡಿ, “ಮಾಸ್ತರ, ಹೂವಿನ ಬಾಜೂಕ ಹೂವಾ ಇಟ್ಟರ ಒಂದೂ ಕಾಣಂಗಿಲ್ರೀ. ಹೊಲಕ್ಕ ಬದು ಇರತೈತಲ್ರೀ, ಹಂಗ ನಡಕ ಒಂದು ಪಟ್ಟಿ ಬೇಕರೀ” ಎಂದಳು. ಮಾತು ನಿಜ. ಏಳು ತೋಟಗಳ ಹೂವುಗಳು ಒಂದರ ಮೇಲೊಂದು ಬಿದ್ದಂತೆ ಇತ್ತೇ ಹೊರತು, ಯಾವ ಸೀರೆ ಯಾವುದೆಂದು ಕಣ್ಣಿಗೆ ಹಿಡಿಯುತ್ತಿರಲಿಲ್ಲ. ವೇದಾಧ್ಯಯನ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುವುದು. ಸಂಹಿತಾಪಾಠದಲ್ಲಿ ಪದಗಳು ಸಂಧಿಯಿಂದ ಒಂದಕ್ಕೊಂದು ಬೆಸೆದು ಹರಿಯುವುವು. ಶಾಕಲ್ಯನು ಋಗ್ವೇದಕ್ಕೆ ಪದಪಾಠವನ್ನು ಮಾಡಿ ಒಂದೊಂದು ಪದವನ್ನೂ ಬಿಡಿಸಿ ನಿಲ್ಲಿಸಿದನು. ಮಗುವು ‘ಇದು ಅಜ್ಜಿಯ ಈ ಸೀರೆ, ಇದು ಆ ಸೀರೆ’ ಎಂದು ಓದಬೇಕಾದರೆ ಕೌದಿಗೂ ಪದಪಾಠ ಬೇಕು. ಆ ಕೆಲಸವನ್ನು ಮಾಡತಕ್ಕದ್ದು ಪಟ್ಟಿ.

ಪಟ್ಟಿಯು ಅಲ್ಪವೆಂದು ಯಾರೂ ಭಾವಿಸಬಾರದು. 2 ಅಂಗುಲದ ಪಟ್ಟಿಯನ್ನು ಚೌಕಗಳ ನಡುವೆಯೂ ಸುತ್ತಲೂ ಹಾಯಿಸಿದರೆ ಕೌದಿಯು 57 ಅಂಗುಲ ಅಗಲ, 79 ಅಂಗುಲ ಉದ್ದವಾಗುವುದು. ಇದರ ಕ್ಷೇತ್ರಫಲ 4503 ಚದರ ಅಂಗುಲ. ಚೌಕಗಳದು 2835, ಉಳಿದ 1668 ಪಟ್ಟಿಯದು. ಎಂದರೆ ನಾವು ಅಂಚೆಂದು ಎಣಿಸುವ ವಸ್ತುವು ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚನ್ನು ಆಕ್ರಮಿಸುವುದು. ಅದರ ಬಣ್ಣ ಕೆಟ್ಟರೆ ಕೌದಿಯೇ ಕೆಟ್ಟಿತು.

ಬಣ್ಣದ ವಿಷಯದಲ್ಲಿ ಮನೆಯಲ್ಲಿ ಮತಭೇದವುಂಟಾಯಿತು. ನನ್ನ ಅಕ್ಕನಿಗೆ ಎಪ್ಪತ್ತು ದಾಟಿದೆ. ನಾದಿನಿಯನ್ನು ತಂಗಿಗಿಂತ ಹೆಚ್ಚಾಗಿ ಕಂಡವಳು. ಅವಳು, “ಮುತ್ತೈದೆಯಾಗಿ ಹೋದವಳ ಸೀರೆ ಕಣೋ, ನಡುವೆ ಕೆಂಪೇ ಇರಲಿ” ಎಂದಳು. ಮಗಳು ಹೊರದೇಶದ ಹೊದಿಕೆಗಳ ಚಿತ್ರಗಳನ್ನು ತೋರಿಸಿ ದಂತದ ಬಿಳುಪು ಬೇಕೆಂದಳು. “ಬಿಳಿಯ ನಡುವೆ ಅಮ್ಮನ ಹೂವು ಎದ್ದು ಕಾಣುತ್ತೆ ಅತ್ತೆ” ಎಂಬುದು ಅವಳ ವಾದ. ಎಲೆಯ ಹಸಿರು ಏಳು ಸೀರೆಗಳಲ್ಲಿಯೂ ಇದ್ದುದರಿಂದ ಅದು ಎಲ್ಲಕ್ಕೂ ಹೊಂದೀತೆಂದು ನನಗೆ ತೋರಿತು. ಕೌದಿಯ ತಾಯಿಯು, ಇಳಕಲ್ ಸೀರೆಯ ಒಡಲಿನಂತಹ ಕಡುನೀಲಿಯನ್ನು ಹೇಳಿದಳು. ಬಾಯಿಮಾತಿನಿಂದ ಇದು ತೀರುವಂತಿರಲಿಲ್ಲ. ಆದುದರಿಂದ ನಾಲ್ಕು ಬಣ್ಣಗಳಲ್ಲಿಯೂ ಕಾಲುಕಾಲು ಗಜ ಬಟ್ಟೆ ತರಿಸಿ, ಪಟ್ಟಿ ಸೀಳಿ, ಚೌಕಗಳ ನಡುವೆ ಒಂದಾದ ಮೇಲೊಂದು ಇಟ್ಟು ಪರೀಕ್ಷಿಸಿದೆವು.

ಈ ಪರೀಕ್ಷೆಗೆ ಶಾಸ್ತ್ರದ ಆಧಾರವುಂಟು. ಫ್ರಾನ್ಸ್ ದೇಶದಲ್ಲಿ ಶೆವ್ರೂಲ್ ಎಂಬ ರಸಾಯನ ಪಂಡಿತನು ಗೊಬೆಲಾಂ ಎಂಬ ಪ್ರಸಿದ್ಧ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಾಧಿಕಾರಿಯಾಗಿದ್ದನು. ಅಲ್ಲಿನ ಕಪ್ಪು ನೂಲು ನೇಯ್ದ ಮೇಲೆ ಮಂಕಾಗಿ ಕಾಣುವುದೆಂದು ದೂರು ಬಂದಿತು. ಅವನು ಶೋಧಿಸಿ ನೋಡಲು, ಕಪ್ಪಿನಲ್ಲಿ ಯಾವ ಕೊರತೆಯೂ ಇರಲಿಲ್ಲ; ಪಕ್ಕದಲ್ಲಿದ್ದ ನೀಲಿ, ನೇರಳೆಗಳೇ ಅದನ್ನು ಮಂಕುಮಾಡುತ್ತಿದ್ದವು. ಬಣ್ಣವು ತನ್ನ ನೆರೆಯಿಂದ ಬೇರೆಯಾಗಿ ತೋರುವುದೆಂಬ ಈ ನಿಯಮವನ್ನು ಅವನು 1839ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಆದಕಾರಣ ಅಂಗಡಿಯಲ್ಲಿ ಸೊಗಸಾಗಿ ಕಂಡ ಬಟ್ಟೆಯನ್ನು ಅಲ್ಲಿಯೇ ನಿರ್ಣಯಿಸದೆ, ಮನೆಗೆ ತಂದು ಚೌಕಗಳ ಪಕ್ಕದಲ್ಲಿಟ್ಟು ಎಂಟು ಹೆಜ್ಜೆ ದೂರದಿಂದ ನೋಡಬೇಕು.

ಕೆಂಪನ್ನು ಇಟ್ಟಾಗ ಮೊದಲು ಕಂಡದ್ದು ಕಿಟಕಿಯ ಸರಳುಗಳಂತಹ ಪಟ್ಟಿ, ಆಮೇಲೆ ಹೂವು. ಹಳದಿಯ ಸೀರೆಯ ಕೆಂಪು ಹೂವುಗಳಂತೂ ಬಾಡಿದಂತೆ ತೋರಿದವು. ದಂತವರ್ಣವನ್ನು ಇಟ್ಟಾಗ, ಸೀರೆಗಳಲ್ಲಿ ಹೆಚ್ಚಿನವುಗಳ ನೆಲವು ತಿಳಿಯಾಗಿದ್ದುದರಿಂದ, ಪಟ್ಟಿಯೂ ಸೀರೆಯ ನೆಲವೂ ಒಂದಾಗಿ ಚೌಕಗಳ ಮೇರೆಯೇ ಅಳಿಸಿಹೋಯಿತು. ಹಸಿರು ಕಣ್ಣಿಗೆ ಹಿತವಾಗಿದ್ದಿತು. ಆದರೆ ಬಳ್ಳಿಗಳು ಅದರ ಮೇಲೆ ದಾಟಿಕೊಂಡು ಪಕ್ಕದ ಚೌಕಕ್ಕೆ ಹೋದಂತೆ ಕಂಡಿತು. ಕಡುನೀಲಿಯನ್ನು ಇಟ್ಟಾಗ ಒಂದೊಂದು ಚೌಕವೂ ಗೂಡಿನಲ್ಲಿಟ್ಟ ದೀಪದಂತೆ ತಾನಾಗಿ ನಿಂತಿತು. ಕಣ್ಣನ್ನು ಅರೆಮುಚ್ಚಿ ನೋಡಿದರೆ ಕಾರಣ ತಿಳಿಯುವುದು. ಆಗ ಬಣ್ಣಗಳ ಭೇದ ಅಡಗಿ ಬೆಳಕು ನೆರಳುಗಳ ಭೇದ ಮಾತ್ರ ಉಳಿಯುವುದು. ಏಳು ಸೀರೆಗಳಿಗಿಂತಲೂ ಆಳವಾಗಿದ್ದುದು ಆ ನೀಲಿಯೊಂದೇ. ಹೂವಿನ ಬಟ್ಟೆಯಲ್ಲಿರುವ ಬಣ್ಣವೊಂದನ್ನೇ ಪಟ್ಟಿಗೆ ಆರಿಸಬೇಕೆಂಬ ಮಾತುಂಟು. ಅದು ಸುಳ್ಳಲ್ಲ, ಆದರೆ ಅದಕ್ಕಿಂತ ಮೊದಲು ನೋಡತಕ್ಕದ್ದು ಆಳ. ಚೌಕಗಳು ತಿಳಿಯಾಗಿದ್ದರೆ ಪಟ್ಟಿ ಗಾಢವಾಗಿರಲಿ. ಚೌಕಗಳು ಗಾಢವಾಗಿದ್ದರೆ ಪಟ್ಟಿ ತಿಳಿಯಾಗಿರಲಿ. ಎರಡು ಪಕ್ಷದಲ್ಲಿಯೂ ಪಟ್ಟಿಯ ಮೇಲೆ ಚಿತ್ತಾರ ಬೇಡ. ಎಲ್ಲರೂ ಮಾತನಾಡುವ ಸಭೆಯಲ್ಲಿ ಒಬ್ಬರಾದರೂ ಸುಮ್ಮನಿರಬೇಕು.

ಇಷ್ಟಾದರೂ ಅಕ್ಕನ ಮುಖದಲ್ಲಿ ಅಸಮಾಧಾನ ಉಳಿದಿದ್ದಿತು. ಅವಳು ಕೇಳಿದ್ದು ಬಣ್ಣವನ್ನಲ್ಲ. ಮುತ್ತೈದೆಯಾಗಿ ಹೋದವಳಿಗೆ ಸಲ್ಲಬೇಕಾದ ಮರ್ಯಾದೆಯನ್ನು. ಕಣ್ಣಿಗೆ ಒಪ್ಪುವುದಷ್ಟೇ ಗೃಹಸ್ಥರ ಮನೆಯಲ್ಲಿ ಪ್ರಮಾಣವಾಗಲಾರದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕುರಿತು ಬರೆಯುತ್ತ, ಒಡ್ಯಾಣವನ್ನು ಕೊರಳಿಗೂ ಹಾರವನ್ನು ನಡುವಿಗೂ ತೊಟ್ಟರೆ ನಗೆಗೀಡಾಗುವುದೆಂದು ಹೇಳಿರುವನು. ಒಡವೆಯಲ್ಲಿ ದೋಷವಿಲ್ಲ, ಎಡೆಯಲ್ಲಿ ದೋಷ. ಹಾಗಾದರೆ ಕೆಂಪಿಗೆ ಎಡೆ ಯಾವುದು? ಇದನ್ನೂ ಕೌದಿಯ ತಾಯಿಯೇ ಬಿಡಿಸಿದಳು. ಅಡ್ಡಪಟ್ಟಿ 8, ಉದ್ದಪಟ್ಟಿ 6, ಅವು ಕೂಡುವ ಸಂಧಿಗಳು 48. ಆ ಒಂದೊಂದು ಸಂಧಿಗೂ 2 ಅಂಗುಲದ ಕೆಂಪು ತುಂಡನ್ನು ಇಟ್ಟು ತೋರಿಸಿದಳು. ಇಳಕಲ್ಲಿನ ನೀಲಿ ಒಡಲಿಗೆ ಕೆಂಪು ಅಂಚನ್ನು ನೋಡಿ ಬೆಳೆದ ಕಣ್ಣು ಅದು. ಒಟ್ಟು ಕ್ಷೇತ್ರದಲ್ಲಿ ಈ ಕೆಂಪು ನೂರಕ್ಕೆ ನಾಲ್ಕು ಪಾಲನ್ನೂ ಮೀರಿದ್ದು ಸ್ವಲ್ಪವೇ; ಆದರೂ ನೀಲಿಗೆ ಜೀವ ಬಂದಿತು, ಹೂವುಗಳಿಗೆ ಬಾಧೆಯಾಗಲಿಲ್ಲ. ಅಕ್ಕನು ಬಹಳ ಹೊತ್ತು ನೋಡಿ, “ಕುಂಕುಮ ಇಟ್ಟ ಹಾಗಿದೆ” ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು. ಮಗಳ ದಂತವರ್ಣವು ಕೌದಿಯ ಬೆನ್ನಿನ ಬಟ್ಟೆಗೆ ಸಂದಿತು.

ಇಂಥ ಕೆಲಸಕ್ಕೆ ಕೈಹಾಕುವ ಗೃಹಿಣಿಯರಿಗೆ ಅನುಭವದ ಮೂರು ಮಾತುಗಳು. ಕಡುನೀಲಿ, ಕೆಂಪು ಇವೆರಡೂ ಬಣ್ಣ ಬಿಡುವುದರಲ್ಲಿ ಮುಂದು. ಹೊಸ ಬಟ್ಟೆಯನ್ನು ಬಿಸಿನೀರಿನಲ್ಲಿ ಸಾಬೂನಿನೊಡನೆ ನೆನೆಸಿ, ಒದ್ದೆಯಾದ ಬಿಳಿಯ ಬಟ್ಟೆಯ ನಡುವೆ ಒಂದು ರಾತ್ರಿ ಒತ್ತಿಟ್ಟು ನೋಡಬೇಕು. ಕಲೆಯಾದರೆ ಮತ್ತೆ ಒಗೆಯಬೇಕು. ನಮ್ಮ ಸೀರೆಗಳ ಬಣ್ಣವನ್ನು ಕೆರೆಯ ನೀರೇ ಮೊದಲು ಪರೀಕ್ಷಿಸಿದ್ದುದರಿಂದ ಆ ಚಿಂತೆಯಿರಲಿಲ್ಲ. ಎರಡನೆಯದು, ಹಳೆಯ ಸೀರೆಯು ಕುಗ್ಗುವಷ್ಟೂ ಕುಗ್ಗಿರುವುದು, ಹೊಸ ಪಟ್ಟಿಯು ಇನ್ನೂ ಕುಗ್ಗಬೇಕಾಗಿರುವುದು. ಒಗೆಯದೆ ಹೊಲಿದರೆ ಮೊದಲನೆಯ ಒಗೆತದಲ್ಲಿಯೇ ಚೌಕಗಳು ಸುಕ್ಕುಗಟ್ಟುವುವು. ಮೂರನೆಯದು, ಪಟ್ಟಿಯ ಬಟ್ಟೆಯು ಸೀರೆಗಿಂತ ಬಿರುಸಾಗಿರಬಾರದು. ಬಿರುಸಾದುದು ಪಕ್ಕದ ಮೆದುವಾದುದನ್ನು ಎಳೆದೆಳೆದು ಹರಿದುಹಾಕುವುದು. ನಾವು ಮಾಡಿದಷ್ಟು ಅಳತೆಗೆ ನೀಲಿಯು ಎರಡು ಗಜವಾದರೆ ಸಾಕು.

ಕೌದಿಯು ಇನ್ನೂ ಮುಗಿದಿಲ್ಲ, ಅರ್ಧಕ್ಕೆ ಬಂದಿದೆ. ಈಗ ಸಾಯಂಕಾಲ ಅಕ್ಕನು ಒಂದೊಂದು ಸೀರೆಯ ವೃತ್ತಾಂತವನ್ನು ಹೇಳುವಳು, ಮಗಳು ಬರೆದುಕೊಳ್ಳುವಳು. ಯಾವ ಹಬ್ಬಕ್ಕೆ ಕೊಂಡದ್ದು, ಬೆಲೆಯೆಷ್ಟು, ಉಟ್ಟು ಎಲ್ಲಿಗೆ ಹೋದದ್ದು ಎಂಬ ಸಂಗತಿಗಳಲ್ಲಿ ಎಷ್ಟೋ ನನಗೇ ತಿಳಿಯದವು; ಅತ್ತಿಗೆ ನಾದಿನಿಯರ ನಡುವೆಯೇ ಇದ್ದವು. ಅಕ್ಕನ ವಯಸ್ಸನ್ನು ನೆನೆದರೆ ಈ ಬರವಣಿಗೆಯನ್ನು ಮುಂದಕ್ಕೆ ಹಾಕುವಂತಿಲ್ಲ. ವಾಚಕರ ಮನೆಗಳಲ್ಲಿಯೂ ಇಂಥ ಪೆಟ್ಟಿಗೆಗಳು ಇದ್ದೇ ಇರುವುವು. ಅವುಗಳನ್ನು ಬಿಚ್ಚುವಾಗ ಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಕತ್ತರಿಗಿಂತ ಮೊದಲು ಲೇಖನಿಯನ್ನು ಕೈಗೆ ತೆಗೆದುಕೊಳ್ಳಿರಿ.