ಕೇಂಬ್ರಿಜ್‌ನ ಒಂದು ಕಿಟಕಿ

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಕೇಂಬ್ರಿಜ್. ಅಲ್ಲಿಗೆ ಹೋದವರು ತಪ್ಪದೆ ನೋಡುವುದು 1441ರಲ್ಲಿ ಆರನೆಯ ಹೆನ್ರಿ ದೊರೆ ಸ್ಥಾಪಿಸಿದ ಕಿಂಗ್ಸ್ ಕಾಲೇಜನ್ನು. ಅದರ ಪ್ರಾರ್ಥನಾ ಮಂದಿರದಲ್ಲಿ ಬೀಸಣಿಗೆ ಬಿಡಿಸಿಟ್ಟಂತೆ ಹರಡಿದ ಕಲ್ಲಿನ ಚಾವಣಿಯನ್ನು. ಹಿಂಬದಿಗೆ ಕ್ಯಾಮ್ ನದಿ. ಕೃಷ್ಣೆ, ಕಾವೇರಿಯರನ್ನು ಕಂಡ ಕಣ್ಣಿಗೆ ಅದೊಂದು ಅಗಲವಾದ ಕಾಲುವೆ, ಅಷ್ಟೆ. ಚಪ್ಪಟೆ ದೋಣಿಗಳನ್ನು ಹುಡುಗರು ಉದ್ದನೆಯ ಗಳು ಊರಿ ತಳ್ಳುತ್ತಾರೆ. ಆಚೆ ದಡದ ಹುಲ್ಲಿನಲ್ಲಿ ದನಗಳು ಮೇಯುತ್ತವೆ.

1897ರಲ್ಲಿ ಈ ಕಾಲೇಜಿಗೆ ವಿದ್ಯಾರ್ಥಿಯಾಗಿ ಬಂದವರು ಇ. ಎಂ. ಫಾರ್ಸ್ಟರ್. 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯಿಂದಾಗಿ ಇಂಗ್ಲಿಷ್ ಸಾಹಿತ್ಯ ಓದುವ ವಿದ್ಯಾರ್ಥಿಗಳಿಗೆ ಅವರ ಹೆಸರು ಪರಿಚಿತ. ಮುಪ್ಪಿನಲ್ಲಿಯೂ ಅವರು ಇದೇ ಕಾಲೇಜಿನ ಕೋಣೆಗಳಲ್ಲಿ ನೆಲೆಸಿದ್ದರು. ಆದರೆ 1913-14ರಲ್ಲಿ ಬರೆದ 'ಮಾರಿಸ್' ಎಂಬ ಇನ್ನೊಂದು ಕಾದಂಬರಿಯನ್ನು ಆಪ್ತರಿಗಷ್ಟೇ ತೋರಿಸಿ ಒಳಗಿಟ್ಟುಕೊಂಡರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮರುವರ್ಷ, 1971ರಲ್ಲಿ. ಇಬ್ಬರು ಗಂಡಸರ ಪ್ರೇಮದ ಕಥೆ ಅದು, ಸಾಲದ್ದಕ್ಕೆ ಸುಖಾಂತ. ಇದೇ ಕಾರಣಕ್ಕೆ 1895ರಲ್ಲಿ ಆಸ್ಕರ್ ವೈಲ್ಡ್ ಸೆರೆಮನೆ ಸೇರಿದ್ದರು. ಇಂಗ್ಲೆಂಡಿನ ಕಾನೂನು ಸಡಿಲವಾದದ್ದು 1967ರಲ್ಲಿ, ಅದೂ 21 ತುಂಬಿದವರಿಗೆ ಮಾತ್ರ. (ಬ್ರಿಟಿಷರು 1860ರಲ್ಲಿ ಭಾರತಕ್ಕೆ ತಂದ 377ನೇ ಕಲಮಿನಿಂದ ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧ ಹೊರಬರಲು 2018ರವರೆಗೆ ಕಾಯಬೇಕಾಯಿತು.)

ಕಾದಂಬರಿಯ ಮಾರಿಸ್ ಹಾಲ್ ಮತ್ತು ಕ್ಲೈವ್ ಡರ್ಹಮ್ ಕೇಂಬ್ರಿಜ್‌ನ ಸಹಪಾಠಿಗಳು. ಓದು, ಸಂಗೀತ, ಹರಟೆ. ಒಬ್ಬನ ಮಂಡಿಗೆ ಇನ್ನೊಬ್ಬ ತಲೆಯಾನಿಸಿ ಕೂರುವ ಸಲುಗೆ. ಪ್ಲೇಟೋನ ಬರಹದಿಂದ ಧೈರ್ಯ ತಂದುಕೊಂಡ ಕ್ಲೈವ್, ನಿನ್ನನ್ನು ಪ್ರೀತಿಸುತ್ತೇನೆ ಎಂದುಬಿಡುತ್ತಾನೆ. ಮಾರಿಸ್ ಬೆಚ್ಚಿ, ಇದೆಂಥ ಅಸಹ್ಯದ ಮಾತು, ಇನ್ನೆಂದೂ ಎತ್ತಬೇಡ ಎನ್ನುತ್ತಾನೆ. ಈ ಕಥೆಯಲ್ಲಿ ಮೊದಲ ನಿರಾಕರಣೆ ಮಾರಿಸ್‌ನದೇ ಎಂಬುದನ್ನು ಓದುಗರು ಮರೆಯುವುದುಂಟು. ಆತ ನಿದ್ದೆಯಿಲ್ಲದೆ ಬೆಂದು, ಕೊನೆಗೊಂದು ರಾತ್ರಿ ಕಿಟಕಿ ಹಾರಿ ಗೆಳೆಯನ ಕೋಣೆಗೆ ಇಳಿಯುತ್ತಾನೆ. ಮಲಗಿದ್ದ ಕ್ಲೈವ್ ಕನಸಿನಲ್ಲಿ ಅವನ ಹೆಸರನ್ನೇ ಕರೆಯುತ್ತಿರುತ್ತಾನೆ.

ಆ ಕಿಟಕಿ ಯಾವುದೆಂದು ಹುಡುಕಿ ಫಲವಿಲ್ಲ. ಫಾರ್ಸ್ಟರ್ ಅವರ ಕಾಲೇಜಿನ ಹೆಸರು ಹೇಳಿಲ್ಲ. ಇಬ್ಬರೂ ತರಗತಿ ತಪ್ಪಿಸಿ, ಪಕ್ಕಗಾಡಿ ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ಹೋದ ದಾರಿಯನ್ನು ಮಾತ್ರ ಈಗಲೂ ನೋಡಬಹುದು. ಉತ್ತರಕ್ಕೆ ಈಲಿ ಪಟ್ಟಣದತ್ತ ಹೊರಟರೆ ಫೆನ್ಸ್ ಎಂಬ ಬಯಲು ಸೀಮೆ. ಒಂದು ಕಾಲಕ್ಕೆ ಜೌಗು. ಹದಿನೇಳನೆಯ ಶತಮಾನದಿಂದ ನೀರು ಬಸಿದು ಹೊಲ ಮಾಡಿದ ಕರಿಮಣ್ಣಿನ ನೆಲ. ಗುಡ್ಡವಿಲ್ಲ, ಮರ ಅಪರೂಪ, ಕಾಲುವೆಗಳು ಗೆರೆ ಎಳೆದಂತೆ ನೇರ. ಈಲಿಯ ಚರ್ಚಿನ ಗೋಪುರ ಎಷ್ಟೋ ಮೈಲಿ ದೂರದಿಂದಲೇ ಕಾಣುತ್ತದೆ. ಮರೆಯೆಂಬುದೇ ಇಲ್ಲದ ಈ ಬಯಲಿನಲ್ಲಿ, ಎಲ್ಲವನ್ನೂ ಮರೆಮಾಡಬೇಕಾದ ಇಬ್ಬರು ಒಂದು ಇಡೀ ದಿನ ಸುಖವಾಗಿದ್ದರು. ಮೋಟಾರ್ ಸೈಕಲ್ ಕೆಟ್ಟು ನಿಂತಿತು, ಅವರು ಲೆಕ್ಕಿಸಲಿಲ್ಲ. ತರಗತಿ ತಪ್ಪಿಸಿದ್ದಕ್ಕೆ ಮಾರಿಸ್‌ನನ್ನು ಕಾಲೇಜಿನಿಂದ ಹೊರಹಾಕಲಾಯಿತು.

ಅವರ ಸ್ನೇಹ ಮುಂದೆಯೂ ಉಳಿಯಿತು, ದೇಹಸಂಬಂಧ ಕೂಡದೆಂಬ ಕ್ಲೈವ್‌ನ ಕಟ್ಟಳೆಯೊಳಗೆ. ಬಳಿಕ ಕಾಯಿಲೆ ಬಿದ್ದೆದ್ದ ಕ್ಲೈವ್ ಗ್ರೀಸಿಗೆ ಹೋಗುತ್ತಾನೆ. ತನ್ನ ಮನಸ್ಸು ಹೆಂಗಸರತ್ತ ತಿರುಗಿದೆ ಎಂದು ಅಥೆನ್ಸಿನ ಹಾಳುಬಿದ್ದ ರಂಗಮಂದಿರದಿಂದ ಪತ್ರ ಬರೆಯುತ್ತಾನೆ. ಪ್ಲೇಟೋನ ನಾಡೇ ಅವನ ಧೈರ್ಯ ಕಸಿಯಿತು!

ಇದನ್ನು ನಂಬಬೇಕೇ? 1987ರಲ್ಲಿ ಜೇಮ್ಸ್ ಐವರಿ ಚಿತ್ರ ತೆಗೆದಾಗ, ಕಿಂಗ್ಸ್ ಕಾಲೇಜಿನಲ್ಲೂ ಚಿತ್ರೀಕರಣ ನಡೆಯಿತು. ಅದರಲ್ಲಿ ಪುಸ್ತಕದಲ್ಲಿಲ್ಲದ ಪ್ರಸಂಗವೊಂದಿದೆ: ಗೆಳೆಯ ರಿಸ್ಲಿಯ ಬಂಧನ, ಶಿಕ್ಷೆ. ಕ್ಲೈವ್ ಬೆದರಿದ್ದು ಅದರಿಂದ ಎಂದು ಚಿತ್ರ ಹೇಳುತ್ತದೆ. ಈ ಕಾರಣ ಸುಲಭವಾಗಿ ಮನವರಿಕೆಯಾಗುತ್ತದೆ, ಕ್ಲೈವ್‌ನ ಮೇಲೆ ಕನಿಕರವೂ ಹುಟ್ಟುತ್ತದೆ. ಫಾರ್ಸ್ಟರ್ ಅಷ್ಟು ರಿಯಾಯಿತಿ ಕೊಟ್ಟಿಲ್ಲ. ಅಲ್ಲಿ ಪೊಲೀಸರಿಲ್ಲ, ಹಳ್ಳಿಯ ಬಂಗಲೆ, ಜಮೀನು, ಮದುವೆ, ರಾಜಕೀಯ ಒಂದೊಂದಾಗಿ ಬಂದು ಕೂರುತ್ತವೆ. ಆದರೂ ಅದೇ ಕ್ಲೈವ್, ಮದುವೆಯಾದ ಮೇಲೆ, ಹಳೆಯ ನೆನಪಿಗೆ ಒಮ್ಮೆ ಮಾತ್ರ ಎನ್ನುತ್ತ ಮಾರಿಸ್‌ನ ಕೈಗೆ ಮುತ್ತಿಡುತ್ತಾನೆ. ಪತ್ರಕ್ಕಿಂತ ಆ ಮುತ್ತೇ ಹೆಚ್ಚು ನಂಬತಕ್ಕ ಸಾಕ್ಷಿ. ಮಾರಿಸ್ ಅದರಿಂದ ಸಂತೋಷಪಡುವುದಿಲ್ಲ, ನಡುಗುತ್ತಾನೆ.

ಕಡೆಗೆ ಮಾರಿಸ್ ಆ ಬಂಗಲೆಯ ಬೇಟೆಕಾವಲುಗಾರ ಅಲೆಕ್ ಸ್ಕಡರ್‌ನೊಡನೆ ಬಾಳಲು ಹೊರಡುತ್ತಾನೆ. ವಿಷಯವನ್ನು ಕತ್ತಲ ತೋಟದಲ್ಲಿ ಕ್ಲೈವ್‌ಗೆ ತಿಳಿಸಿ ಮರೆಯಾಗುತ್ತಾನೆ. ಕ್ಲೈವ್ ಅವನನ್ನು ಮುಂದಿನ ವಾರ ಊಟಕ್ಕೆ ಕರೆಯುತ್ತಿದ್ದಾನೆ. ಕೇಳಲು ಯಾರೂ ಇಲ್ಲ. ಆಮೇಲೆ ಅವನಿಗೆ ಕಾಣುವುದು ಬಿಸಿಲಿನ ಕೇಂಬ್ರಿಜ್‌ನಿಂದ ಕೈಬೀಸಿ ಕರೆಯುವ ಗೆಳೆಯ. ಕ್ಲೈವ್ ಒಳಗೆ ನಡೆಯುತ್ತಾನೆ. ಹೆಂಡತಿಗೆ ತಿಳಿಯದಂತೆ ಇದನ್ನು ಮುಚ್ಚಿಡುವುದು ಹೇಗೆಂದು ಅವನಿನ್ನು ಯೋಚಿಸಬೇಕು.