ಗದುಗಿನ ಭಾರತಕ್ಕೆ ನಾಲ್ಕು ಎಂಬಿ

ಕಾಫಿ ಇನ್ನೂ ಅರ್ಧ ಲೋಟ ಉಳಿದಿರುವಾಗಲೇ ಮೈಸೂರಿನ ನಿವೃತ್ತ ಕನ್ನಡ ಮೇಷ್ಟರೊಬ್ಬರ ಬೆಳಗು ಕೆಟ್ಟಿತು. ಲ್ಯಾಪ್‌ಟಾಪಿನಲ್ಲಿ ಸಿ ಡ್ರೈವಿನ ನೀಲಿ ಪಟ್ಟಿ ಕೆಂಪಗಾಗಿತ್ತು. ಅದರ ಪಕ್ಕದಲ್ಲೇ ಡಿ ಡ್ರೈವು ಮದುವೆ ಮುಗಿದ ಛತ್ರದ ಹಾಗೆ ಬಣಗುಟ್ಟುತ್ತಿತ್ತು. ಇರುವ ಒಂದೇ ಡಿಸ್ಕನ್ನು ಎರಡು ಹೋಳು ಮಾಡಿ ಕೊಡುವುದು ನಮ್ಮ ಕಂಪ್ಯೂಟರ್ ಅಂಗಡಿಗಳ ಹಳೇ ರೂಢಿ. ವಿಂಡೋಸ್ ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೆ ಡಿಯಲ್ಲಿಟ್ಟದ್ದಾದರೂ ಉಳಿಯಲಿ ಎಂಬ ಒಳ್ಳೆಯ ಉದ್ದೇಶ. ಆದರೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಎಲ್ಲವೂ ಹೋಗಿ ಕೂರುವುದು ಸಿಯಲ್ಲೇ. ಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಕೆಂಪು ಕಂಡವರೆಲ್ಲ ಮಾಡುವುದನ್ನೇ ಮೇಷ್ಟರೂ ಮಾಡಿದರು. ಕಣ್ಣಿಗೆ ಬಿದ್ದದ್ದನ್ನು ಅಳಿಸತೊಡಗಿದರು. ಬಿದ್ದದ್ದು ಅವರದೇ ಬರಹಗಳು: ಕುಮಾರವ್ಯಾಸನ ಮೇಲಿನ ಉಪನ್ಯಾಸ, ಅದರ ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ ನೋಡಿದರೆ ಪಟ್ಟಿ ಕೂದಲೆಳೆಯಷ್ಟೂ ಕದಲಿರಲಿಲ್ಲ.

“ಅದನ್ನೆಲ್ಲ ಯಾಕೆ ಅಳಿಸ್ತೀರಿ ತಾತ? ಅದು ಜಾಗಾನೇ ತಿನ್ನಲ್ಲ,” ಎಂದ ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗ.

ಕೆಂಪು ಪಟ್ಟಿಗಿಂತ ಆ ಮಾತು ಚುರುಕ್ಕೆಂದಿತು. ಜೀವಮಾನವೆಲ್ಲ ಬರೆದದ್ದಕ್ಕೆ ಜಾಗವೇ ಬೇಡವೆಂದರೆ ಏನರ್ಥ?

ಆಮೇಲೆ ಮೊಮ್ಮಗ ಹೇಳಿಕೊಟ್ಟದ್ದರಲ್ಲಿ ಹೆಚ್ಚಿನದು ಎಲ್ಲರಿಗೂ ಗೊತ್ತಿರುವುದೇ. ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಂ, ಅದರೊಳಗೆ ಸ್ಟೋರೇಜ್. ದೊಡ್ಡ ಅಪ್‌ಡೇಟ್ ಆದಾಗ ಹಳೆಯ ವಿಂಡೋಸನ್ನೇ ಗಂಟುಕಟ್ಟಿ ಇಟ್ಟುಕೊಳ್ಳುವ ‘ವಿಂಡೋಸ್.ಓಲ್ಡ್’ ಹತ್ತು ದಿನದಲ್ಲಿ ತಾನಾಗಿಯೇ ತೊಲಗುತ್ತದೆ, ಅವಸರವಿದ್ದವರು ಮೊದಲೇ ತೊಲಗಿಸಬಹುದು. ‘ಟೆಂಪರರಿ ಫೈಲ್ಸ್’ ಪಟ್ಟಿಯಲ್ಲಿ ಮಾತ್ರ ಕೊಂಚ ಎಚ್ಚರ ಬೇಕು. ಅಲ್ಲಿ ಡೌನ್‌ಲೋಡ್ಸ್ ಫೋಲ್ಡರೂ ಸದ್ದಿಲ್ಲದೆ ಕೂತಿರುತ್ತದೆ. ಕೈಗೆ ಸಿಕ್ಕಿದ್ದಕ್ಕೆಲ್ಲ ಟಿಕ್ ಹಾಕುತ್ತ ಹೋದರೆ ಕಸದ ಜೊತೆ ಪಿಂಚಣಿ ಪತ್ರವೂ ಹೋದೀತು. ಒನ್‌ಡ್ರೈವಿನದು ಇನ್ನೊಂದು ಪೇಚು. ಆ ಫೋಲ್ಡರಿನಿಂದ ಅಳಿಸಿದ್ದು ಲ್ಯಾಪ್‌ಟಾಪಿನಿಂದಷ್ಟೇ ಅಲ್ಲ, ಕ್ಲೌಡಿನಿಂದಲೂ ಹೋಗುತ್ತದೆ. ಅಲ್ಲಿ ಉಳಿದು ಇಲ್ಲಿ ಮಾತ್ರ ಹೋಗಬೇಕಾದರೆ ‘ಫ್ರೀ ಅಪ್ ಸ್ಪೇಸ್’ ಎಂಬುದನ್ನು ಒತ್ತಬೇಕು.

ಹಾಗಾದರೆ ಜಾಗ ತಿಂದವರು ಯಾರು? ಮೊಮ್ಮಗ ವಿಜ್‌ಟ್ರೀ ಎಂಬ ಪುಟ್ಟ ತಂತ್ರಾಂಶ ಹಾಕಿದ. ಪರದೆಯ ತುಂಬ ಬಣ್ಣಬಣ್ಣದ ಚೌಕಗಳು, ದೊಡ್ಡ ಫೈಲಿಗೆ ದೊಡ್ಡ ಚೌಕ. ಒಂದು ಭಾರಿ ಚೌಕದ ಹೆಸರು ‘ಹೈಬರ್‌ಫಿಲ್.ಸಿಸ್’. ಲ್ಯಾಪ್‌ಟಾಪು ಗಾಢನಿದ್ರೆಗೆ ಹೋಗುವಾಗ ರ‍್ಯಾಮಿನಲ್ಲಿದ್ದದ್ದನ್ನು ಬಚ್ಚಿಡುವ ಜಾಗ ಅದು. ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟಿರುತ್ತದೆ. 16 ಜಿಬಿ ರ‍್ಯಾಮಿದ್ದರೆ ಆರು ಜಿಬಿಗೂ ಹೆಚ್ಚು ಅದಕ್ಕೇ ಹೋಯಿತು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಎಂದು ಕೊಟ್ಟರೆ ಅಷ್ಟೂ ಬಿಡುಗಡೆ, ಆದರೆ ಬೇಗ ಚಾಲೂ ಆಗುವ ಸೌಕರ್ಯವೂ ಅದರೊಂದಿಗೆ ಹೋಗುತ್ತದೆ. ಇನ್ನೊಂದು ಚೌಕ ಮರಿಮಗಳ ನಾಮಕರಣದ ವೀಡಿಯೊ. ಅದರ ಪಕ್ಕದ್ದು ಅದೇ ವೀಡಿಯೊ, ಬಾಲಕ್ಕೆ ‘(1)’ ಸೇರಿಸಿಕೊಂಡು. ಮೇಷ್ಟರ ಸಮಗ್ರ ಸಾಹಿತ್ಯ ಬಲಗಡೆಯ ಕೆಳಮೂಲೆಯಲ್ಲಿ ಚೌಕವೆನ್ನಲೂ ಆಗದ ಚುಕ್ಕೆಯಾಗಿ ಕೂತಿತ್ತು.

ಸಂಕಟವಾದಾಗ ಲೆಕ್ಕ ಹಾಕುವುದು ಮೇಷ್ಟರ ಅಭ್ಯಾಸ. ಕಾಗದ ಪೆನ್ನು ಬಂದವು.

1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯಡಿಗೆ ಹಾಸುವ ಕಾಗದದ ಮೇಲೆ ಯುಟಿಎಫ್-8ರ ರೂಪುರೇಷೆ ಗೀಚಿದರು. ಜಗತ್ತಿನ ಲಿಪಿಗಳೆಲ್ಲ ಇವತ್ತು ಕಂಪ್ಯೂಟರುಗಳ ನಡುವೆ ಓಡಾಡುವುದು ಬಹುಪಾಲು ಅದೇ ಏರ್ಪಾಟಿನಲ್ಲಿ. ಅದರಂತೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟು. ಕನ್ನಡಕ್ಕೆ ಮೂರು, ಅದೂ ಒಂದು ಅಕ್ಷರಕ್ಕಲ್ಲ, ಅದರ ಒಂದೊಂದು ಬಿಡಿಭಾಗಕ್ಕೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಬಿಡಿಸಿದರೆ ಸ, ಹಲಂತ, ತ, ಹಲಂತ, ರ, ಮೇಲೊಂದು ದೀರ್ಘ. ಆರು ತುಂಡು, ಹದಿನೆಂಟು ಬೈಟು. “ಇದು ಕನ್ನಡದ ಮೇಲೆ ಹಾಕಿರೋ ಸುಂಕ ಕಣೋ!” ಎಂದು ಮೇಷ್ಟರು ಗುಡುಗಿದರು. ಆ ದನಿಯಲ್ಲಿ ಸಿಟ್ಟಿಗಿಂತ ಹಿಗ್ಗೇ ಹೆಚ್ಚಿತ್ತೆನ್ನಬೇಕು. ಕೊನೆಗೂ ಕನ್ನಡಕ್ಕೊಂದು ತೂಕ ಸಿಕ್ಕಿತ್ತಲ್ಲ.

ಹಿಗ್ಗು ಬಹಳ ಹೊತ್ತು ನಿಲ್ಲಲಿಲ್ಲ. ಕುಮಾರವ್ಯಾಸನ ಭಾರತದಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಪದ್ಯಗಳು. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಒತ್ತು, ದೀರ್ಘ, ಸುಂಕ ಎಲ್ಲ ಸೇರಿಸಿ ಪದ್ಯಕ್ಕೆ ಧಾರಾಳವಾಗಿ 500 ಬೈಟು ಹಿಡಿದರೂ ಆದಿಪರ್ವದಿಂದ ಗದಾಪರ್ವದವರೆಗೆ ಎಲ್ಲ ಸೇರಿ ನಾಲ್ಕು ಎಂಬಿ ಚಿಲ್ಲರೆ. ಹಳೇ ಕಾಲದ 1.44 ಎಂಬಿಯ ಫ್ಲಾಪಿಗಳಲ್ಲಾದರೆ ಮೂರು ಸಾಕು. ಮೊಮ್ಮಗ ಆ ದಿನ ತಿಂಡಿಗೆ ಮುಂಚೆ ಫೋನಿನಲ್ಲಿ ತೆಗೆದ ಇಡ್ಲಿಯ ಫೋಟೊ ಕೂಡ ಹೆಚ್ಚುಕಡಿಮೆ ಅಷ್ಟೇ ಇತ್ತು. ಒಂದು ನಿಮಿಷದ ಎಚ್‌ಡಿ ವೀಡಿಯೊಗೆ ನೂರು ಎಂಬಿ ಆಸುಪಾಸು. ಅಂದರೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕುರುಕ್ಷೇತ್ರ ಇಪ್ಪತ್ತೈದು ಸಲ ನಡೆದುಹೋಗಬಹುದಾದ ಜಾಗ.

ಇದಕ್ಕೆ ಕನ್ನಡಿಗರ ಇನ್ನೊಂದು ಚಾಳಿ ಸೇರಿಕೊಂಡಿದೆ: ಬರಹವನ್ನೂ ಚಿತ್ರ ಮಾಡಿ ಕಳಿಸುವುದು. ಸಂಘದ ಮೂರು ಸಾಲಿನ ಆಹ್ವಾನವನ್ನು ಯಾರೋ ಟೈಪ್ ಮಾಡುತ್ತಾರೆ, ಯಾರೋ ಅದನ್ನು ಪ್ರಿಂಟ್ ತೆಗೆಯುತ್ತಾರೆ, ಇನ್ಯಾರೋ ಆ ಪ್ರಿಂಟಿನ ಫೋಟೊ ತೆಗೆದು ಗುಂಪಿಗೆ ಹಾಕುತ್ತಾರೆ. ಮೇಜಿನ ಅಂಚು, ಹಾಕಿದವರ ಹೆಬ್ಬೆರಳು ಎಲ್ಲ ಅದರಲ್ಲಿ ಬಂದಿರುತ್ತದೆ. ಮುನ್ನೂರು ಪುಟದ ಕಾದಂಬರಿ ಟೈಪಾಗಿದ್ದರೆ ಒಂದೂವರೆ ಎಂಬಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಹತ್ತಾರು ಎಂಬಿ, ಕಪ್ಪುಬಿಳುಪಿನ ಪುಟಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡುವ ಪುಣ್ಯಾತ್ಮರ ಕೈಗೆ ಸಿಕ್ಕಿದರೆ ನೂರರ ಮೇಲೆ. ಇಷ್ಟು ಜಾಗ ತಿಂದೂ ಒಳಗಿನ ಒಂದು ಪದವನ್ನು ಹುಡುಕಿಕೊಡು ಎಂದರೆ ಅದು ಪಿಳಿಪಿಳಿ ನೋಡುತ್ತದೆ. ಮೇಷ್ಟರು ಈ ವಿಷಯಕ್ಕೆ ಬಂದರೆ ಊಟದ ಹೊತ್ತೂ ಮೀರುತ್ತದೆ.

ಆ ದಿನ ಅವರನ್ನು ತಡೆದವನು ಕುಮಾರವ್ಯಾಸನೇ. ಕಾವ್ಯದ ಪೀಠಿಕೆಯಲ್ಲಿ ಅವನು ತನ್ನ ಹೆಚ್ಚುಗಾರಿಕೆಗಳನ್ನು ಎಣಿಸುತ್ತಾನೆ. ಹಲಗೆಯ ಮೇಲೆ ಕರಡು ಗೀಚುವವನು ತಾನಲ್ಲ, ಒಮ್ಮೆ ಬರೆದ ಮಾತನ್ನು ತೆಗೆಯುವವನೂ ಅಲ್ಲ ಎಂಬ ಬಿಂಕ ಅದರಲ್ಲೊಂದು. ಓಲೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ತೀಡಿದ ಮೇಲೆ ಅಳಿಸುವುದೂ ಸುಲಭವಲ್ಲ ಅನ್ನಿ. ‘ಫೈನಲ್ 2’ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಮೇಷ್ಟರಿಗೆ ತಾವು ಅಳಿಸಿದ ಉಪನ್ಯಾಸ ಬೇಕೆನಿಸಿತು. ಹಳೆಯ ಹಾರ್ಡ್‌ಡಿಸ್ಕಿನಲ್ಲಾಗಿದ್ದರೆ ಅಳಿಸಿದ ಫೈಲು ಮೇಲೆ ಬೇರೇನಾದರೂ ಬರೆಯುವತನಕ ಅಲ್ಲೇ ಬಿದ್ದಿರುತ್ತಿತ್ತು, ಹೋಗಿರುವುದು ಅದರ ವಿಳಾಸವಷ್ಟೇ. ಈಗಿನ ಎಸ್‌ಎಸ್‌ಡಿಗಳಿಗೆ ‘ಟ್ರಿಮ್’ ಎಂಬ ಆಜ್ಞೆ ಹೋಗಿ ಆ ಜಾಗ ಬೇಗನೆ ಗುಡಿಸಿಹೋಗುತ್ತದೆ. ಪುಣ್ಯಕ್ಕೆ ಉಪನ್ಯಾಸ ಈಮೇಲಿನ ‘ಸೆಂಟ್’ನಲ್ಲಿ ಸಿಕ್ಕಿತು. ಯಾವ ಫೈನಲ್ ಎಂಬುದು ಮಾತ್ರ ತಿಳಿಯಲಿಲ್ಲ. ಮೊಮ್ಮಗ ಡಾಕ್ಯುಮೆಂಟ್ಸ್ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ, ಲೊಕೇಶನ್ ಎಂಬಲ್ಲಿ ಡಿ ಡ್ರೈವಿನ ದಾರಿ ತೋರಿಸಿ, ನಾಮಕರಣದ ಒಂದು ಪ್ರತಿಯನ್ನೂ ಅಲ್ಲಿಗೇ ಸಾಗಿಸಿ ಎದ್ದ.

ಒರೆಸಿ ಬರೆಯುವ ಅನುಕೂಲ ನಮ್ಮ ಹಿಂದಿನವರಿಗೂ ಇತ್ತು ಎಂದು ಮೇಷ್ಟರು ಹೊಸ ಎಳೆ ಹಿಡಿದರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಿಳಿ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕಡತಗಳವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ.

“ಹುಣಸೆಬೀಜಾನ ಬಟ್ಟೆಗೆ ಬಳಿಯೋದೇ? ನಾವು ಚೌಕಾಬಾರಕ್ಕೆ ಎತ್ತಿಡ್ತಿದ್ವಪ್ಪ,” ಎಂದರು ಅಜ್ಜಿ ಒಳಗಿನಿಂದ.

ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಬೀಜ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. “ನಾಲ್ಕು ಬೀಜ ಅಂದ್ರೆ ನಾಲ್ಕು ‘ಬಿಟ್’, ಹದಿನಾರು ಥರ ಬೀಳಬಹುದು, ಲೆಕ್ಕಕ್ಕೆ ಬರೋದು ಐದೇ!” ಎಂದ ಮೊಮ್ಮಗ. ಅಜ್ಜಿಗೆ ಅದು ಬೇಕಿರಲಿಲ್ಲ. ಬಾರ ಹೆಚ್ಚು ಬೀಳುವ ಹಾಗೆ ಬೀಜ ಉಜ್ಜುವ ಉಪಾಯ ಅವರಿಗೆ ಗೊತ್ತಿತ್ತು. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಹುದೇ ಎಂಬ ವಿಷಯದಲ್ಲಿ ತವರಿನ ಪದ್ಧತಿ ಒಂದು, ಗಂಡನ ಮನೆಯ ಪದ್ಧತಿ ಇನ್ನೊಂದು. ಮಧ್ಯಾಹ್ನದ ಸಾರು ಕುದಿಯುವ ಹೊತ್ತಿಗೂ ಗಂಡಹೆಂಡಿರು ಅದರಲ್ಲೇ ಇದ್ದರು.